ಮೊದಲ ರೊಟ್ಟಿ ಅಣ್ಣನದು

ಅದು ಸೋಮವಾರ, ಭಟ್ಟಿಗೆ ರಜೆ. ಕೊಟ್ಟೂರಿನಲ್ಲಿ ಸೋಮವಾರ ಸ್ವಾಮಿಯ ವಾರವಾದ್ದರಿಂದ ಅವತ್ತು ನಮ್ಮ ಮನೆಯಲ್ಲಿ ಮಂಡಕ್ಕಿ ಹುರಿಯುತ್ತಿರಲಿಲ್ಲ. ಮಿಕ್ಕ ದಿನಗಳಲ್ಲಿ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬೆಳಗಿನಿಂದಲೇ ಒಲೆ ಉರಿದು, ಅದರ ಕಾವು ಅಡುಗೆಮನೆಯ ಗೋಡೆಗೂ ಹತ್ತುತ್ತಿತ್ತು. ಸೋಮವಾರ ಮಾತ್ರ ಆ ಗೋಡೆ ತಣ್ಣಗಿರುತ್ತಿತ್ತು, ದೊಡ್ಡ ಬಾಣಲೆಯಲ್ಲಿ ಆರಿದ ಮರಳಿನ ಮೇಲೆ ಬೆಕ್ಕು ಮಲಗಿರುತ್ತಿತ್ತು. ಅವ್ವ ನನಗೂ ಅತ್ತಿಗೆಗೂ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಅಪ್ಪ ಗುಡಿಗೆ ಹೋಗಿ ಬಂದು ಕಟ್ಟೆಯ ಮೇಲೆ ಕೂತ, ಹಣೆಯ ವಿಭೂತಿ ಒಣಗುವವರೆಗೆ ಯಾರ ಜೊತೆಗೂ ಮಾತಾಡಲಿಲ್ಲ. ನಾನು ಆಗ ಇನ್ನೂ ಲಂಗ ಉಡುತ್ತಿದ್ದ ಹುಡುಗಿ. ಅತ್ತಿಗೆ ಲಲಿತಾ ಇಟ್ಟಿಗಿ ಎಂಬ ಊರಿನಿಂದ ನಮ್ಮ ಮನೆಗೆ ಬಂದು ಒಂದು ಬೇಸಿಗೆ ಕಳೆದಿತ್ತಷ್ಟೇ.

ಮಧ್ಯಾಹ್ನದ ಮೇಲೆ ಅಣ್ಣ ಬಂದ. ಹಡಗಲಿಯ ಅಂಗಡಿಗಳಿಗೆ ಮಂಡಕ್ಕಿ ಚೀಲ ಹಾಕಿ ಬರಲು ಹೋಗಿದ್ದವನು ಎಲೆಯಲ್ಲಿ ಸುತ್ತಿದ ಮಲ್ಲಿಗೆ ಮೊಗ್ಗು ತಂದಿದ್ದ. ಅವ್ವನ ಮಡಿಲಲ್ಲಿ ಒಂದು ಪೊಟ್ಟಣ, ಅತ್ತಿಗೆಯ ಕೈಗೆ ಒಂದು, ನನ್ನ ತಲೆಯ ಮೇಲೆ ಒಂದು ಇಟ್ಟ. ಊಟ ಮಾಡುತ್ತಾ ಬಸ್ಸಿನ ಕಂಡಕ್ಟರು ಒಬ್ಬ ಅಜ್ಜಿಯ ಜೊತೆ ಕೋಳಿಗೂ ಟಿಕೆಟ್ ತಗೋ ಎಂದು ಜಗಳ ಆಡಿದ್ದನ್ನು ಇಬ್ಬರ ದನಿಯಲ್ಲೂ ಆಡಿ ತೋರಿಸಿದ. ಅಪ್ಪ ಕೂಡ ನಕ್ಕ. ಅಣ್ಣ ಚೆನ್ನಾಗಿದ್ದ ದಿನ ಅವನಷ್ಟು ಒಳ್ಳೆಯವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಇದನ್ನು ನಾನು ಮೊದಲೇ ಹೇಳಿಬಿಡಬೇಕು, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಸಂಜೆ ನಾನೂ ಅತ್ತಿಗೆಯೂ ಅಡುಗೆಮನೆಯಲ್ಲಿ ಆ ತಣ್ಣನೆಯ ಗೋಡೆಗೆ ಒರಗಿ ಹೂವು ಕಟ್ಟುತ್ತಿದ್ದೆವು. ಏನೋ ಮಾತಿಗೆ ಇಬ್ಬರೂ ನಕ್ಕೆವು. ಅತ್ತಿಗೆ ನಕ್ಕರೆ ಬಾಯಿ ತುಂಬ ನಗುತ್ತಿದ್ದಳು, ಕೊನೆಗೆ ಉಸಿರು ಸಾಲದೆ ಕೆಮ್ಮುತ್ತಿದ್ದಳು. ಆಗ ಅಣ್ಣ ನೀರು ಕುಡಿಯಲು ಬಂದು ಹೊಸ್ತಿಲಲ್ಲಿ ನಿಂತ. ನಮ್ಮನ್ನು ನೋಡಿದ. ಹಂಡೆಯಿಂದ ತಂಬಿಗೆ ತುಂಬಿ ನೀರು ಕುಡಿದು, ತಂಬಿಗೆ ಬೋರಲು ಹಾಕಿ ಹೊರಗೆ ಹೋದ. ನಾವು ಹೂವು ಕಟ್ಟುವುದನ್ನು ಮುಂದುವರಿಸಿದೆವು. ನನ್ನ ಬಾಲ್ಯದ ಮನೆಯಲ್ಲಿ ಎಲ್ಲರೂ ಇದ್ದ ಹಾಗೆ ಇದ್ದ ಕೊನೆಯ ದಿನ ಅದು.

ನಮ್ಮದು ಉದ್ದನೆಯ ಮನೆ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಹಿತ್ತಲಿನಲ್ಲಿ ಭಟ್ಟಿ. ಬೀದಿಬಾಗಿಲಲ್ಲಿ ನಿಂತರೆ ಹಿತ್ತಲಿನ ಬೆಂಕಿ ಕಾಣುತ್ತಿತ್ತು. ಹೊಸಬರು ಬಂದರೆ ಆ ಮನೆಯಲ್ಲಿ ಗಾಜಿನ ಸಾಮಾನು ಒಂದೂ ಇಲ್ಲ ಎನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ. ಚಹಾ ಸ್ಟೀಲಿನ ಲೋಟದಲ್ಲಿ ಕೊಡುತ್ತಿದ್ದೆವು. ಪಡಸಾಲೆಯ ಕನ್ನಡಿ ಒಡೆದು ಹೋದ ಮೇಲೆ ಅವ್ವ ಬೇರೆ ತರಲಿಲ್ಲ, ನಾನು ನೀರಿನ ತೊಟ್ಟಿಯಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯುತ್ತಿದ್ದೆ. ನಡುಮನೆಯ ಬಾಗಿಲಿನ ಕೆಳಹಲಗೆಗೆ ಎಣ್ಣೆ ಡಬ್ಬದ ತಗಡು ಬಡಿದಿತ್ತು. ಅಣ್ಣನ ಕಾಲು ಅಲ್ಲಿ ತೂತು ಮಾಡಿತ್ತು. ಬೀಗರು ಕೇಳಿದರೆ ಹೆಗ್ಗಣ ಕೊರೆದಿತ್ತು ಎಂದು ಅಪ್ಪ ಹೇಳುತ್ತಿದ್ದ.

ಅಣ್ಣನ ಹೆಸರು ಕೊಟ್ರೇಶ. ನಮ್ಮೂರಿನಲ್ಲಿ ಮನೆಗೊಬ್ಬ ಕೊಟ್ರೇಶ ಇರುವುದರಿಂದ ಅವನನ್ನು ಎಲ್ಲರೂ ಭಟ್ಟಿ ಕೊಟ್ರೇಶ ಎನ್ನುತ್ತಿದ್ದರು. ನನಗಿಂತ ಬಹಳ ದೊಡ್ಡವನು. ಅವನು ಹುಟ್ಟಿದಾಗ ಅವ್ವನಿಗೆ ಜ್ವರ ಬಂದು ಎದೆಹಾಲು ಬತ್ತಿತ್ತಂತೆ. ಕೂಸು ಹಗಲೆಲ್ಲ ಕೈಕಾಲು ಬಡಿದು ಅತ್ತು, ಅತ್ತು ನೀಲಿಯಾಗುತ್ತಿತ್ತಂತೆ. ಆ ಹಸಿವು ಅವನ ಹೊಟ್ಟೆಯಲ್ಲಿ ಹಾಗೇ ಉಳಿದುಕೊಂಡಿದೆ, ಅದೇ ಸಿಟ್ಟಾಗಿ ಬರುತ್ತದೆ ಎಂದು ಅವ್ವ ನಂಬಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ಜೋಳದ ರೊಟ್ಟಿ ಅಣ್ಣನದು. ದೇವರಿಗೆ ಎಡೆ ಆಮೇಲೆ, ಅಪ್ಪ ಆಮೇಲೆ, ಬಂದ ನೆಂಟರು ಆಮೇಲೆ. ಅಣ್ಣ ಬರುವುದು ತಡವಾದರೆ ಅವ್ವ ಹಿಟ್ಟು ಕಲಸಿಟ್ಟುಕೊಂಡು ಒಲೆಯ ಮುಂದೆ ಕಾಯುತ್ತಿದ್ದಳು, ನಾವೂ ಕಾಯುತ್ತಿದ್ದೆವು. ಅವನ ದನಿ ಏರಿದರೆ ಸಾಕು, ಎಲ್ಲಿದ್ದರೂ ಎದ್ದು ಹೋಗಿ ತಟ್ಟೆ ಹಾಕುತ್ತಿದ್ದಳು.

"ಹಸ್ದಾನ. ಯಾರೂ ಅವನಿಗೆ ಏನೂ ಅನಬ್ಯಾಡ್ರಿ," ಎನ್ನುತ್ತಿದ್ದಳು.

ಅಣ್ಣ ಉಂಡ ಮೇಲೆ ನಿಜವಾಗಿಯೂ ತಣ್ಣಗಾಗುತ್ತಿದ್ದ. ಅವ್ವನ ನಂಬಿಕೆ ಗಟ್ಟಿಯಾಗಲು ಅದು ಸಾಕಾಗಿತ್ತು. ಆದರೆ ಅವನ ಸಿಟ್ಟಿಗೂ ಹೊಟ್ಟೆಗೂ ಸಂಬಂಧ ಇರಲಿಲ್ಲ ಎಂದು ನನಗೆ ಚಿಕ್ಕವಳಿದ್ದಾಗಲೇ ಅನ್ನಿಸುತ್ತಿತ್ತು. ಅವನಿಗೆ ಸಿಟ್ಟು ಬರುತ್ತಿದ್ದುದು ಯಾರೋ ತನ್ನನ್ನು ಸಣ್ಣವನಾಗಿ ಮಾಡಿದರು ಅನ್ನಿಸಿದಾಗ. ಆಳುಗಳ ಮುಂದೆ ಅಪ್ಪ ಅಕ್ಕಿಗೆ ಉಪ್ಪುನೀರು ಹೆಚ್ಚಾಯಿತು ಎಂದದ್ದಕ್ಕೆ ತಕ್ಕಡಿಯನ್ನು ಎತ್ತಿ ಬಾವಿಗೆ ಹಾಕಿದ. ಕೂಡ್ಲಿಗಿಯ ಗೆಳೆಯನೊಬ್ಬ ಸಂತೆಯಲ್ಲಿ ತನ್ನನ್ನು ನೋಡಿಯೂ ನೋಡದ ಹಾಗೆ ಹೋದನೆಂದು, ಮಳೆಗಾಲ ಕಳೆದ ಮೇಲೆ ಅವನನ್ನು ಹುಡುಕಿಕೊಂಡು ಹೋಗಿ ಹೊಡೆದು ಬಂದ. ಆ ಮನುಷ್ಯನಿಗೆ ತಾನು ಯಾಕೆ ಪೆಟ್ಟು ತಿಂದೆ ಎನ್ನುವುದೇ ಗೊತ್ತಿರಲಿಲ್ಲ. ಬೇರೆಯವರು ಅಂದೇ ಮರೆಯುವ ಮಾತನ್ನು ಅಣ್ಣ ಒಳಗೆ ಇಟ್ಟುಕೊಂಡು ಬೆಳೆಸುತ್ತಿದ್ದ. ಹೊಡೆದು ಬಂದ ಮೇಲೆ ಅತ್ತು, ಅವ್ವನ ಕಾಲು ಹಿಡಿದು, ಜಿಲೇಬಿ ತಂದು ಎಲ್ಲರ ಬಾಯಿಗೂ ಇಡುತ್ತಿದ್ದ. ಆದರೆ ತಪ್ಪಾಯಿತು ಎಂದು ಒಮ್ಮೆಯೂ ಹೇಳಿದವನಲ್ಲ. ನೀವು ನನ್ನ ಕೈಲಿ ಹಿಂಗ ಮಾಡಿಸ್ತೀರಿ ಎನ್ನುತ್ತಿದ್ದ. ನಾವು ಜಿಲೇಬಿ ನುಂಗುತ್ತಿದ್ದೆವು.

ಮದುವೆಯಾದರೆ ಸರಿಹೋಗುತ್ತಾನೆ ಎಂದು ಹಿರಿಯರು ಹೇಳಿದರು. ಹೆಣ್ಣು ನೋಡಲು ಹೋದಾಗ ಅಪ್ಪ ಮುಚ್ಚಿಡಲಿಲ್ಲ. ಹುಡುಗನಿಗೆ ಸ್ವಲ್ಪ ಸಿಟ್ಟು ಐತ್ರಿ ಎಂದು ಹೇಳಿದ. ಅತ್ತಿಗೆಯ ತಂದೆ ಜೋರಾಗಿ ನಕ್ಕುಬಿಟ್ಟರು.

"ಸಿಟ್ಟಿಲ್ಲದ ಗಂಡಸು ತಗೊಂಡು ಏನ್ಮಾಡೋದ್ರಿ ಬೀಗ್ರ, ಉಪ್ಪಿನಕಾಯಿ ಹಾಕಾಕ ಬರತೈತೇನು," ಎಂದರು.

ಹೀಗೆ ಅತ್ತಿಗೆ ಬಂದಳು. ಅವಳಿಗೆ ನಗು ಮತ್ತು ಹಾಡು ಎರಡೂ ಕಡಿವಾಣ ಇಲ್ಲದೆ ಬರುತ್ತಿದ್ದವು. ಭಟ್ಟಿಯಲ್ಲಿ ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಬೇರೆ ಮಾಡುವಾಗ ಅವಳ ರೆಪ್ಪೆಯ ಮೇಲೆಲ್ಲ ಬಿಳಿ ಹೊಟ್ಟು ಕೂತು ಮುದುಕಿಯ ಹಾಗೆ ಕಾಣುತ್ತಿದ್ದಳು. ನಾನು ಶಾಲೆಯಿಂದ ಬಂದ ಕೂಡಲೆ ಚೀಲ ಬಿಸಾಕಿ ಅವಳ ಪಕ್ಕ ಕೂರುತ್ತಿದ್ದೆ. ಅಕ್ಕಂದಿರಿಲ್ಲದ ನನಗೆ ಅವಳೇ ಅಕ್ಕ, ಗೆಳತಿ, ಎಲ್ಲ. ಅವ್ವ ಮೊದಲ ವಾರವೇ ಅವಳಿಗೆ ಮೊದಲ ರೊಟ್ಟಿಯ ನೇಮ ಹೇಳಿಕೊಟ್ಟಳು. ಅವಳು ಕೆಲವು ದಿನ ನೋಡಿ, ಒಮ್ಮೆ ರೊಟ್ಟಿ ಬಡಿಯುತ್ತಾ ಕೇಳಿದಳು.

"ಅತ್ತಿ, ನಾವೂ ಹಸಿದಿರ್ತೀವಿ. ಮತ್ತ ನಮಗ್ಯಾಕ ಸಿಟ್ಟು ಬರಂಗಿಲ್ರಿ?"

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಆ ಬೇಸಿಗೆಯಲ್ಲಿ ಅತ್ತಿಗೆಯ ತೋಳಿನ ಮೇಲೆ ಕಂದಿದ ಗುರುತು ಕಂಡಿದ್ದೆ. ಕೇಳಿದರೆ ಚೀಲ ತಾಗಿತು ಎಂದಳು. ನಮ್ಮ ಮನೆಗೆ ಬಂದವರು ಇಂಥ ಉತ್ತರಗಳನ್ನು ಬೇಗ ಕಲಿಯುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಭಟ್ಟಿ ಹೊತ್ತಿಸಿದರು. ಅಪ್ಪ ಒಲೆಗೆ ಹಾಕುವ ಶೇಂಗಾ ಹೊಟ್ಟು ತರಲು ಮಿಲ್ಲಿಗೆ ಹೋಗಿದ್ದ. ಅಣ್ಣ ಬಾಣಲೆಯ ಮುಂದೆ ನಿಂತಿದ್ದ. ಕಾದ ಮರಳಿಗೆ ಅಕ್ಕಿ ಸುರಿದು ಉದ್ದ ಹಿಡಿಕೆಯ ಕಬ್ಬಿಣದ ಸಟ್ಟುಗದಿಂದ ತಿರುವಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಕ್ಕಿ ಅರಳಿ ಮೇಲೆ ಬರುತ್ತದೆ. ಅತ್ತಿಗೆ ಎದುರಿಗೆ ಜರಡಿ ಹಿಡಿದು ಕೂತಿದ್ದಳು. ನಾನು ಶಾಲೆಗೆ ಹೊರಡುವ ಮೊದಲು ಹಿತ್ತಲಿನ ಮೆಟ್ಟಿಲ ಮೇಲೆ ಕೂತು, ರೊಟ್ಟಿಯ ದಾರಿ ಕಾಯುತ್ತಿದ್ದೆ. ಅವ್ವ ಒಳಗೆ ಮೊದಲ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅಣ್ಣ ಸಟ್ಟುಗ ನಿಲ್ಲಿಸಿ, ಬಹಳ ಸಮಾಧಾನದ ದನಿಯಲ್ಲಿ ಕೇಳಿದ.

"ನಿನ್ನಿ ಯಾಕ ನಕ್ಕಿದ್ರಿ?"

"ಯಾವಾಗ್ರಿ?" ಎಂದಳು ಅತ್ತಿಗೆ.

"ನಾ ನೀರು ಕುಡ್ಯಾಕ ಬಂದಾಗ."

"ನೆನಪಿಲ್ರಿ. ಏನೋ ಮಾತಾಡ್ಕೊಂತ ನಕ್ಕಿದ್ವಿ."

"ನನ್ನ ನೋಡಿ ನಕ್ಕೀರಿ. ಗಿರಿಜಿ, ನೀ ಹೇಳು. ಯಾಕ ನಕ್ಕಿದ್ರಿ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಹೂವು ನೆನಪಾಯಿತು, ದಾರ ನೆನಪಾಯಿತು, ಅತ್ತಿಗೆ ಕೆಮ್ಮಿದ್ದು ನೆನಪಾಯಿತು. ಮಾತು ಮಾತ್ರ ಹೊಳೆಯಲಿಲ್ಲ. ಗೊತ್ತಿಲ್ಲ ಅಣ್ಣ ಎಂದೆ. ಅತ್ತಿಗೆ ನನ್ನ ಕಡೆ ನೋಡಿ ಹೆದರಿಕೆಯಿಂದ ತುಟಿ ಎಳೆದಳು. ಅದು ನಗುವಲ್ಲ. ನಗುವಿನ ಹಾಗೆ ಕಂಡಿತು ಅಷ್ಟೆ. ಅಣ್ಣನ ದನಿ ಏರಿತು. ಮತ್ತ ನಗ್ತೀ ಏನಲೇ ಎಂದು ಸಟ್ಟುಗವನ್ನು ಮರಳಿನೊಳಗೆ ಇಳಿಸಿದ. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಅವ್ವ ತಟ್ಟೆ ಹಿಡಿದು ಹೊರಗೆ ಬಂದಳು. ಇಷ್ಟು ವರ್ಷ ಮಾಡಿದ್ದನ್ನೇ ಅವಳು ಮಾಡಿದಳು. ನನ್ನನ್ನು ದಾಟಿ, ನೇರವಾಗಿ ಅವರಿಬ್ಬರ ನಡುವೆ ಹೋಗಿ ತಟ್ಟೆ ಮುಂದೆ ಚಾಚಿದಳು.

"ಕೊಟ್ರಾ, ಹಸಿದೀದಿ. ಮೊದ್ಲು ಉಣ್ಣಪ್ಪ," ಎಂದಳು.

ಅಷ್ಟರಲ್ಲಿ ಅವನು ಸಟ್ಟುಗ ಬೀಸಿಯಾಗಿತ್ತು. ಅತ್ತಿಗೆಗೆಂದು ಎಸೆದ ಮರಳು ಅವ್ವನ ಮುಖದ ಬಲಭಾಗಕ್ಕೂ ಕುತ್ತಿಗೆಗೂ ಬಿತ್ತು. ಅವಳು ಕೂಗಲಿಲ್ಲ. ಕೂತುಕೊಂಡಳು. ಕೈಯಿಂದ ನೆಲ ತಡವುತ್ತಾ, ರೊಟ್ಟಿ ಬಿತ್ತು, ರೊಟ್ಟಿ ಬಿತ್ತು ಎಂದಳು. ಅತ್ತಿಗೆ ಹಂಡೆಯ ನೀರನ್ನೆಲ್ಲ ಅವಳ ಮೇಲೆ ಸುರಿದಳು. ಅವ್ವನನ್ನು ಎತ್ತಿಕೊಂಡು ಬೀದಿಗೆ ಓಡಿ ಲಗೇಜ್ ಆಟೋ ಹತ್ತಿಸಿದವನು ಅಣ್ಣನೇ. ದಾರಿಯುದ್ದಕ್ಕೂ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದನಂತೆ.

ಊರಿನ ಆಸ್ಪತ್ರೆಯವರು ದಾವಣಗೆರೆಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ಕೇಳಿದವರಿಗೆಲ್ಲ ಅವ್ವ ತಾನೇ ಭಟ್ಟಿಯ ಮುಂದೆ ಜಾರಿ ಬಿದ್ದೆ ಎಂದು ಹೇಳಿದಳು. ಬಲಗಣ್ಣು ಉಳಿಯಲಿಲ್ಲ. ಅತ್ತಿಗೆಯ ತಂದೆ ಮಗಳನ್ನು ಕರೆದೊಯ್ಯಲು ಆಸ್ಪತ್ರೆಗೆ ಬಂದಾಗ ಅವರ ಮುಖದಲ್ಲಿ ಹೆಣ್ಣು ನೋಡಿದ ದಿನದ ಮಾತಿನ ಗುರುತು ಇರಲಿಲ್ಲ. ಅತ್ತಿಗೆ ಹೋಗಲು ಒಪ್ಪಲಿಲ್ಲ. ನಿಮ್ಮನ್ನ ಬಿಟ್ಟು ಹೆಂಗ ಹೋಗಲ್ರಿ ಅತ್ತಿ ಎಂದು ಮಂಚದ ಕಂಬಿ ಹಿಡಿದು ನಿಂತಳು. ಅವ್ವ ಪಟ್ಟಿ ಕಟ್ಟಿದ ಮುಖವನ್ನು ಅವಳ ಕಡೆ ತಿರುಗಿಸಿದಳು.

"ಹೋಗವ್ವ. ಇನ್ನೊಂದ್ಸಲ ಅಡ್ಡ ಬರಾಕ ನನಗ ಆಗಂಗಿಲ್ಲ."

ಅತ್ತಿಗೆ ನನ್ನ ಕೆನ್ನೆ ಮುಟ್ಟಿ, ಚೆಂದ ಓದು ಎಂದು ಹೇಳಿ ತಂದೆಯ ಹಿಂದೆ ಹೋದಳು. ನಾನು ವಾರ್ಡಿನ ಬಾಗಿಲವರೆಗೆ ಹೋಗಿ ನಿಂತೆ. ಅವಳು ಹೊರಳಿ ನೋಡಲಿಲ್ಲ. ಮನೆಗೆ ಬಂದಾಗ ಅಡುಗೆಮನೆಯ ಮೊಳೆಯಲ್ಲಿ ನಾವು ಕಟ್ಟಿದ್ದ ಮಲ್ಲಿಗೆ ಮಾಲೆ ಕಂದು ಬಣ್ಣಕ್ಕೆ ತಿರುಗಿ ತೂಗುತ್ತಿತ್ತು.

ಅದೇ ದಿನಗಳಲ್ಲಿ, ಅವ್ವ ಇನ್ನೂ ಆಸ್ಪತ್ರೆಯಲ್ಲಿ ಇರುವಾಗಲೇ, ಯಾರೋ ಹೇಳಿದರೆಂದು ಅಪ್ಪ ಅಣ್ಣನನ್ನು ದಾವಣಗೆರೆಯಲ್ಲೇ ಇದ್ದ ಒಬ್ಬ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನನ್ನನ್ನು ಬಿಡಲು ಜಾಗ ಇಲ್ಲದೆ ನನ್ನನ್ನೂ ಕರೆದೊಯ್ದ. ಡಾಕ್ಟರು ಅಣ್ಣನನ್ನು ಬಹಳ ಹೊತ್ತು ಮಾತಾಡಿಸಿದರು. ನನಗೇನೂ ಆಗಿಲ್ರಿ, ಇವರು ಯಾಕ ನಕ್ಕರು ಕೇಳ್ರಿ ಎಂದು ಅಣ್ಣ ನನ್ನ ಕಡೆ ಬೆರಳು ತೋರಿಸಿದ. ಅವನನ್ನು ಹೊರಗೆ ಕಳಿಸಿ ಡಾಕ್ಟರು ಅಪ್ಪನಿಗೆ ತಿಳಿಸಿ ಹೇಳಿದರು. ಇದು ಹುಚ್ಚಲ್ಲ, ಬಂದು ಹೋಗುವ ಜ್ವರದಂಥದ್ದೂ ಅಲ್ಲ. ವ್ಯಕ್ತಿತ್ವ ಬೆಳೆಯುತ್ತ ಬಂದದ್ದೇ ಹೀಗೆ. ಎದುರಿನವರು ನಕ್ಕರೆ ತನ್ನನ್ನೇ ಹಂಗಿಸಿದರು ಎಂದು ಇವನ ಮನಸ್ಸು ಮೊದಲೇ ತೀರ್ಮಾನ ಮಾಡುತ್ತದೆ, ಆ ಅವಮಾನ ತಡೆದುಕೊಳ್ಳುವ ಶಕ್ತಿ ಇಲ್ಲ, ತಡೆಯುವ ಮುಂಚೆ ಕೈ ಏಳುತ್ತದೆ. ಹಾಗೆಂದು ಇಂಥ ತೊಂದರೆ ಇರುವವರೆಲ್ಲ ಹೊಡೆಯುವವರಲ್ಲ, ಎಷ್ಟೋ ಜನ ಒಳಗೇ ಬೇಯುತ್ತಾರೆ, ತಮ್ಮನ್ನೇ ನೋಯಿಸಿಕೊಳ್ಳುತ್ತಾರೆ ಎಂದರು. ಅಪ್ಪ ಕೈ ಕಟ್ಟಿಕೊಂಡು ಕೇಳುತ್ತಿದ್ದ. ಕೊನೆಗೆ ಅವ್ವನ ಪರವಾಗಿ ಎನ್ನುವಂತೆ ಒಂದು ಪ್ರಶ್ನೆ ಕೇಳಿದ.

"ಹೊಟ್ಟಿ ತುಂಬ ಉಂಡ್ರ ಕಮ್ಮಿ ಆಗತೈತೇನ್ರಿ ಸಾಹೇಬ್ರ?"

ಡಾಕ್ಟರು ಮೊದಲು ಅರ್ಥವಾಗದೆ ನೋಡಿದರು. ಅಪ್ಪ ಮೊದಲ ರೊಟ್ಟಿಯ ಸಂಗತಿ ವಿವರಿಸಿದ ಮೇಲೆ ಅವರು ಪೆನ್ನು ಕೆಳಗಿಟ್ಟರು.

"ಯಜಮಾನ್ರೇ, ಅವನು ಕೈ ಎತ್ತಿದಾಗಲೆಲ್ಲ ನೀವು ತಟ್ಟೆ ಹಾಕಿ ಕೊಟ್ಟಿದ್ದೀರಿ. ಕೈ ಎತ್ತಿದರೆ ಎಲ್ಲರೂ ಓಡಿ ಬರ್ತಾರೆ ಅಂತ ಅವನು ಕಲಿತಿದ್ದಾನೆ."

ಇದನ್ನು ಅವ್ವನಿಗೆ ಹೇಳಬೇಡ ಎಂದು ಅಪ್ಪ ಮೆಟ್ಟಿಲಿಳಿಯುವಾಗ ನನ್ನ ಕೈ ಒತ್ತಿದ. ನಾನು ಹೇಳಲಿಲ್ಲ, ಅಪ್ಪನೂ ಸಾಯುವವರೆಗೆ ಹೇಳಲಿಲ್ಲ. ಅಣ್ಣ ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಬಂದು ಮಾತಾಡಬೇಕು, ತಾನೇ ಬದಲಾಗಬೇಕು ಅಂದುಕೊಂಡರೆ ಸ್ವಲ್ಪ ಸ್ವಲ್ಪ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ಎರಡನೆಯ ಸಲ ಅಪ್ಪ ಕರೆದುಕೊಂಡು ಹೊರಟಾಗ ಅಣ್ಣ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಬರುತ್ತೇನೆಂದು ಇಳಿದು, ಎದುರಿಗೆ ನಿಂತಿದ್ದ ಕೊಟ್ಟೂರು ಬಸ್ಸು ಹತ್ತಿ ವಾಪಸ್ಸು ಬಂದ. ಆ ದಾರಿ ಅಲ್ಲಿಗೆ ಮುಗಿಯಿತು.

ಆಮೇಲಿನ ವರ್ಷಗಳಲ್ಲಿ ಅವ್ವ ಒಂದೇ ಕಣ್ಣಿನಲ್ಲಿ ರೊಟ್ಟಿ ಬಡಿದಳು. ಮೊದಲನೆಯದು ಅಣ್ಣನಿಗೇ. ಅವನು ಅವ್ವನ ಮೇಲೆ ಮತ್ತೆ ಕೈ ಮಾಡಲಿಲ್ಲ. ಅವಳ ಕಣ್ಣಿಗೆ ಹನಿ ಹಾಕುವವನು, ಕೈ ಹಿಡಿದು ಗುಡಿಗೆ ಕರೆದೊಯ್ಯುವವನು ಅವನೇ. ಆದರೆ ಆಳುಗಳನ್ನು ಹೊಡೆದ, ಅಪ್ಪನನ್ನು ನೂಕಿದ, ಒಬ್ಬೊಬ್ಬರಾಗಿ ಎಲ್ಲರೂ ಭಟ್ಟಿ ಬಿಟ್ಟರು, ಒಲೆ ಆರಿತು. ಅತ್ತಿಗೆಯನ್ನು ಕರೆಯಲು ಇಟ್ಟಿಗಿಗೆ ಹೋದವನು ಅಲ್ಲಿಯೂ ಬಾಗಿಲು ಒದ್ದು ಬಂದ. ಆಮೇಲೆ ಅವಳ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನು ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದನ್ನು ಯಾವಾಗ ಕಲಿತೆ ಎಂದು ನನಗೇ ತಿಳಿಯದು. ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಹೊಸತರಲ್ಲಿ ನನ್ನ ಯಜಮಾನರು, ಇದೇನು ಹಲ್ಲು ಕೆಟ್ಟಾವೇನು ನಿಂದು ಎಂದು ಚೇಷ್ಟೆ ಮಾಡುತ್ತಿದ್ದರು. ಈಗಲೂ ಪಕ್ಕದ ಕೋಣೆಯಲ್ಲಿ ನನ್ನ ಮಕ್ಕಳು ಒಟ್ಟಿಗೆ ನಕ್ಕರೆ ಹಿಟ್ಟಿನ ಮೇಲೆ ನನ್ನ ಕೈ ನಿಲ್ಲುತ್ತದೆ. ಯಾರಾದರೂ ಹೊಸ್ತಿಲಲ್ಲಿ ಬಂದು ನಿಂತಿದ್ದಾರೆಯೇ ಎಂದು ನೋಡುತ್ತೇನೆ.

ಅಪ್ಪ ಹೋದ. ಕೆಲವು ವರ್ಷಕ್ಕೆ ಅವ್ವನೂ ಹೋದಳು. ಹೋಗುವ ಮುಂಚೆ, ಮಾತು ತೊದಲುತ್ತಿದ್ದಾಗ, ಅವಳು ನನಗೆ ಹೇಳಿದ ಕೊನೆಯ ಮಾತು, ಅವನಿಗೆ ಉಣ್ಣಾಕ ಹಾಕು ಎಂಬುದು. ಹೋದ ವರ್ಷ ಅಣ್ಣನಿಗೆ ಮೂತ್ರಪಿಂಡದ ಕಾಯಿಲೆ ಬಲಿತು ಮಲಗಿದಾಗ ನಾನು ಕೊಟ್ಟೂರಿಗೆ ಹೋಗಿ ಅದೇ ಅಡುಗೆಮನೆಯಲ್ಲಿ ಅವನಿಗೆ ಗಂಜಿ ಕಾಯಿಸಿದೆ. ಕೈಕಾಲು ಊದಿ, ದನಿ ಇಳಿದಿತ್ತು. ಹೊಡೆಯುವ ಶಕ್ತಿ ಆ ಮೈಯಲ್ಲಿ ಉಳಿದಿರಲಿಲ್ಲ. ಒಂದು ಸಂಜೆ ಚಮಚ ಬಾಯಿಯ ಹತ್ತಿರ ತಂದಾಗ ಅವನು ತುಟಿ ಬಿಗಿದುಕೊಂಡ.

"ಗಿರಿಜಿ, ಅವತ್ತು ಯಾಕ ನಕ್ಕಿದ್ರಿ?"

ಅವ್ವನ ಕಣ್ಣು, ಅತ್ತಿಗೆ, ಭಟ್ಟಿ ಯಾವುದನ್ನೂ ಅವನು ಕೇಳಲಿಲ್ಲ. ನಾನು ಚಮಚ ಕೆಳಗಿಟ್ಟೆ. ಬೆಕ್ಕು ಮರಳಿನಾಗ ಹೊರಳಾಡಿದ್ದು ನೋಡಿ ನಕ್ಕಿದ್ವಿ ಅಣ್ಣ ಎಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

"ಸುಳ್ಳು ಹೇಳಬ್ಯಾಡ ತಂಗಿ. ಅಡಿಗಿಮನ್ಯಾಗ ಗ್ವಾಡಿಗೆ ಒರಗಿ ಕುಂತ್ರ ಮರಳು ಕಾಣಂಗಿಲ್ಲ."

ಗೋಡೆಯ ಕಡೆ ಹೊರಳಿದ. ಗಂಜಿ ಆರಿಹೋಯಿತು. ಅದೇ ವಾರ ಅವನು ತೀರಿಕೊಂಡ. ನಮ್ಮ ಹೊಲದಲ್ಲಿ ಅಪ್ಪ ಅವ್ವನ ಪಕ್ಕ ಮಣ್ಣು ಮಾಡಿದೆವು. ಜನ ಹೆಚ್ಚು ಬರಲಿಲ್ಲ. ಬಂದವರಲ್ಲಿ ಒಬ್ಬಿಬ್ಬರು, ಇನ್ನು ನಿನಗೆ ಜೀವ ಹಗುರ ಆಯ್ತು ಬಿಡು ಎಂದರು. ಹಾಗೆ ಆಗಲಿಲ್ಲ. ಮಲ್ಲಿಗೆ ತಂದು ನನ್ನ ತಲೆಯ ಮೇಲೆ ಇಟ್ಟವನೂ ಆ ಮಣ್ಣಿನಲ್ಲೇ ಇದ್ದ.

ತಿಂಗಳ ಮೇಲೆ ಯಾರಿಂದಲೋ ನಂಬರು ತೆಗೆದುಕೊಂಡು ಅತ್ತಿಗೆಗೆ ಫೋನು ಮಾಡಿದೆ. ಅವಳಿಗೆ ಬೇರೆ ಮದುವೆಯಾಗಿ, ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ದೊಡ್ಡ ಸಂಸಾರ. ನಾನು ಯಾರೆಂದು ಹೇಳಿದ ಮೇಲೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಸುದ್ದಿ ಗೊತ್ತಾತು, ಬರಬೇಕು ಅನಿಸಲಿಲ್ಲ ಎಂದಳು. ನಾನು ಬರಬೇಕಿತ್ತು ಎನ್ನಲಿಲ್ಲ. ಮಕ್ಕಳ ಬಗ್ಗೆ ಕೇಳಿದಳು, ಅವ್ವ ಕೊನೆಗೆ ನೋವು ತಿಂದಳೇ ಎಂದು ಕೇಳಿದಳು. ಕೊನೆಗೆ ನಾನು ಕೇಳಬೇಕಾದ್ದನ್ನು ಕೇಳಿದೆ.

"ನನಗೂ ನೆನಪಿಲ್ಲ ಗಿರಿಜಾ. ಎಷ್ಟು ವರ್ಷ ನೆನಪು ಮಾಡ್ಕೊಂಡೀನಿ. ಏನೂ ಇರಲಿಲ್ಲ ಅದು. ಸುಮ್ಮನ ನಕ್ಕಿದ್ವಿ."

ಅವಳೂ ನಾನೂ ಒಂದೇ ಪ್ರಶ್ನೆಯನ್ನು ಇಷ್ಟು ವರ್ಷ ಬೇರೆ ಬೇರೆ ಊರುಗಳಲ್ಲಿ ಹೊತ್ತುಕೊಂಡು ಬಾಳಿದ್ದೆವು. ಅಣ್ಣ ಅದನ್ನು ಕೊಟ್ಟೂರಿನಲ್ಲಿ ಹೊತ್ತುಕೊಂಡಿದ್ದ. ಆ ಸೋಮವಾರದ ಮನೆ ನನಗೆ ಪೂರ್ತಿ ನೆನಪಿದೆ. ತಣ್ಣನೆಯ ಗೋಡೆ, ಎಣ್ಣೆ ತಲೆ, ಬೋರಲು ಹಾಕಿದ ತಂಬಿಗೆ, ಅತ್ತಿಗೆಯ ಕೆಮ್ಮು ಎಲ್ಲವೂ ಇವೆ. ನಾವು ಯಾಕೆ ನಕ್ಕೆವು ಎಂಬುದು ಮಾತ್ರ ಇಲ್ಲ.